ಬೆಂಗಳೂರು ಕರಗವನ್ನು ನೋಡುವುದು ಹೇಗೆ: ತಿಗಳರಪೇಟೆಯ ಧರ್ಮರಾಯನ ಗುಡಿಗೆ ಹೋಗುವವರಿಗೊಂದು ಮಾರ್ಗದರ್ಶಿ

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ, ಅಂದರೆ ದ್ರೌಪದಿಯೆಂದು ನಂಬಿ ಪೂಜಾರಿ ತಲೆಯ ಮೇಲೆ ಹೊರುವ ಹೂವಿನಲಂಕಾರದ ಕುಂಭ, ಹೊರಬೀಳುವ ಆ ಗಳಿಗೆಗಾಗಿ ಜನ ಸಂಜೆಯಿಂದಲೇ ಕಾದಿರುತ್ತಾರೆ. ಗುಡಿಯ ಬಾಗಿಲು ತೆರೆದ ಮೇಲೆ ಬಹುಪಾಲು ಜನರಿಗೆ ಕಾಣುವುದು ತಲೆಗಳ ಮೇಲೆ ತೇಲಿಹೋಗುವ ಮಲ್ಲಿಗೆಯ ಗೋಪುರ, ಅದೂ ಒಂದೆರಡು ನಿಮಿಷ. ಅಷ್ಟು ಕಂಡರೂ ಜನ್ಮ ಸಾರ್ಥಕವೆಂದು ಕೈಮುಗಿದು ಹೊರಡುವವರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಕರಗ ಒಂದು ರಾತ್ರಿಯ ಮೆರವಣಿಗೆಗಿಂತ ಬಹಳ ದೊಡ್ಡದಾದ ಸಂಗತಿ. ಅದು ಹನ್ನೊಂದು ದಿನಗಳ ವ್ರತ. ಅದರ ಬೇರು ಬೆಂಗಳೂರಿನ ಕೆರೆಯ ಮಣ್ಣಿನಲ್ಲಿದೆ. ಮೊದಲ ಸಲ ಹೋಗುವವರು ಹುಣ್ಣಿಮೆಯೊಂದನ್ನೇ ನೆಚ್ಚಿಕೊಳ್ಳಬೇಡಿ, ಎರಡು ಮೂರು ದಿನ ಬಿಡುವು ಮಾಡಿಕೊಂಡು ಹೋಗಿ ಎನ್ನುವುದು ವರ್ಷಗಳಿಂದ ಹೋಗಿ ಬಂದ ನನ್ನ ಸಲಹೆ.

ಮೊದಲು ತಿಥಿ ಗೊತ್ತು ಮಾಡಿಕೊಳ್ಳಿ

ಯುಗಾದಿಯ ದಿನ ಹೊಸ ಪಂಚಾಂಗ ಮನೆಗೆ ಬರುತ್ತದಲ್ಲ, ಅಂದೇ ಲೆಕ್ಕ ಹಾಕಿಬಿಡಿ. ಯುಗಾದಿ ಚೈತ್ರ ಶುದ್ಧ ಪಾಡ್ಯ. ಅಲ್ಲಿಂದ ಏಳನೆಯ ತಿಥಿ, ಅಂದರೆ ಸಪ್ತಮಿಯ ಸುಮಾರಿಗೆ ಗುಡಿಯಲ್ಲಿ ಧ್ವಜಾರೋಹಣವಾಗುತ್ತದೆ. ಅಲ್ಲಿಂದ ದಿನದಿನವೂ ವಿಶೇಷ ಪೂಜೆಗಳು, ಆರತಿ ದೀಪಗಳ ಸೇವೆ. ತ್ರಯೋದಶಿಗೆ ಹಸಿ ಕರಗ, ಚತುರ್ದಶಿಗೆ ಪೊಂಗಲ್ ಸೇವೆ, ಹುಣ್ಣಿಮೆಗೆ ಕರಗ ಶಕ್ತ್ಯೋತ್ಸವ. ಆಮೇಲೆ ಗಾವು ಶಾಂತಿ ಎಂಬ ಬಲಿಯ ವಿಧಿ, ವಸಂತೋತ್ಸವ, ಧ್ವಜಾವರೋಹಣ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಏಪ್ರಿಲ್. ಕೆಲವು ವರ್ಷ ಮಾರ್ಚ್ ಕೊನೆಯಲ್ಲೇ ಧ್ವಜ ಏರುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಕರಗ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಹಾಗಾಗಿ ಕ್ಯಾಲೆಂಡರಿನ ದಿನಾಂಕ ಅಷ್ಟು ಹೊತ್ತಿಗೆ ಬದಲಾಗಿರುತ್ತದೆ. ‘12ಕ್ಕೆ ಕರಗ’ ಎಂದು ಪತ್ರಿಕೆಯಲ್ಲಿ ಬಂದರೆ ನೀವು 12ರ ಸಂಜೆ ಮನೆ ಬಿಡಬೇಕು, 13ರ ಬೆಳಗ್ಗೆ ಹಿಂದಿರುಗಬೇಕು. 13ರ ಸಂಜೆ ಹೋದರೆ ಬೀದಿಯಲ್ಲಿ ಬಾಡಿದ ಹೂವಷ್ಟೇ ಸಿಗುತ್ತದೆ. ಹೊರಡುವ ಮುನ್ನ ದೇವಸ್ಥಾನದ ಆ ವರ್ಷದ ಆಹ್ವಾನ ಪತ್ರಿಕೆಯನ್ನೂ ಸಂಚಾರ ಪೊಲೀಸರ ಪ್ರಕಟಣೆಯನ್ನೂ ಓದಿಕೊಳ್ಳಿ. ಯಾವ ಬೀದಿಗೆ ವಾಹನ ಬಿಡುವುದಿಲ್ಲ ಎಂಬುದು ಅದರಲ್ಲಿರುತ್ತದೆ.

ಹಬ್ಬಕ್ಕೆ ಮುಂಚೆ ಒಂದು ಸಾದಾ ದಿನ ಗುಡಿಗೆ ಹೋಗಿ

ಇದನ್ನು ತಪ್ಪಿಸಬೇಡಿ. ಉತ್ಸವದ ದಿನಗಳಲ್ಲಿ ಗುಡಿಯನ್ನು ಕಣ್ತುಂಬ ನೋಡುವುದು ಆಗದ ಮಾತು. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನಗರ್ತಪೇಟೆಯತ್ತ ನಡೆಯಬಹುದು, ಇಲ್ಲವೇ ಕಾರ್ಪೊರೇಷನ್ ವೃತ್ತದಲ್ಲಿ ಬಸ್ಸಿಳಿದು ಹೋಗಬಹುದು. ದಾರಿ ತಪ್ಪಿದರೆ ‘ಧರ್ಮರಾಯನ ಗುಡಿ’ ಎಂದು ಕೇಳಿ, ಯಾವ ಅಂಗಡಿಯವರೂ ಕೈ ತೋರಿಸುತ್ತಾರೆ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಹತ್ತು ಗಂಟೆಯ ನಂತರ ಈ ಓಣಿಗಳಲ್ಲಿ ಸರಕಿನ ಗಾಡಿಗಳದ್ದೇ ರಾಜ್ಯ.

ಪಾಂಡವರನ್ನು ಕಥೆಯಲ್ಲಿ ಕೇಳದವರಿಲ್ಲ, ಆದರೆ ಅವರಿಗೆಂದೇ ನಿತ್ಯಪೂಜೆ ನಡೆಯುವ ಗುಡಿಗಳು ವಿರಳ. ಇಲ್ಲಿ ಮೂಲದೇವರು ಧರ್ಮರಾಯ. ಜೊತೆಗೆ ಅವನ ತಮ್ಮಂದಿರು, ಶ್ರೀಕೃಷ್ಣ, ದ್ರೌಪದಿ. ಹೆಸರು ಧರ್ಮರಾಯನದಾದರೂ ಈ ಗುಡಿಯ ಶಕ್ತಿ ದ್ರೌಪದಮ್ಮ. ಕರಗವೆಂದರೆ ಅವಳೇ.

ಗುಡಿಯನ್ನು ನಡೆಸಿಕೊಂಡು ಬಂದವರು ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು. ‘ವಹ್ನಿ’ ಎಂದರೆ ಬೆಂಕಿ. ತಮ್ಮದು ಅಗ್ನಿಯಿಂದ ಹುಟ್ಟಿದ ಕುಲ ಎಂಬುದು ಅವರ ನಂಬಿಕೆ. ದ್ರೌಪದಿಯೂ ದ್ರುಪದನ ಯಜ್ಞಕುಂಡದಿಂದ ಎದ್ದು ಬಂದವಳು. ಹೀಗೆ ಅವಳು ಅವರಿಗೆ ದೇವರೂ ಹೌದು, ಮನೆಮಗಳೂ ಹೌದು. ವೃತ್ತಿಯಿಂದ ಅವರು ತೋಟಗಾರರು. ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಯನ್ನು ಸಾಕಿದವರು. ಲಾಲ್‌ಬಾಗಿನ ಮಣ್ಣಿನಲ್ಲೂ ಅವರ ಬೆವರಿದೆ. ತೋಟದವರಿಗೆ ಕೆರೆಯೇ ಜೀವವಾದ್ದರಿಂದ ಅವರ ದೊಡ್ಡ ಹಬ್ಬ ಕೆರೆಯ ಅಂಗಳದಲ್ಲಿ ಮೊದಲಾಗುವುದು ಸಹಜವೇ ಆಗಿದೆ.

ಕಥೆ ತಿಳಿದುಕೊಂಡು ಹೋಗಿ

ಕಥೆ ಗೊತ್ತಿಲ್ಲದವರಿಗೆ ಕತ್ತಿ ಹಿಡಿದ ಗುಂಪು, ಸೀರೆಯುಟ್ಟ ಪೂಜಾರಿ, ಗಂಟೆಯ ಸದ್ದು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಹಿರಿಯರು ಹೇಳುವ ಕಥೆ ಹೀಗಿದೆ. ಕುರುಕ್ಷೇತ್ರ ಯುದ್ಧ ಮುಗಿದು ಕಾಲ ಸಂದ ಮೇಲೆ ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟರು. ದಾರಿಯಲ್ಲಿ ದ್ರೌಪದಿ ಮೂರ್ಛೆಹೋಗಿ ಹಿಂದೆ ಉಳಿದಳು. ಎಚ್ಚರವಾದಾಗ ಎದುರಿಗೆ ತಿಮಿರಾಸುರ. ಆಗ ಅವಳು ಆದಿಶಕ್ತಿಯ ರೂಪ ತಾಳಿ ತನ್ನ ದೇಹದ ಒಂದೊಂದು ಭಾಗದಿಂದ ಒಬ್ಬೊಬ್ಬರನ್ನು ಸೃಷ್ಟಿಸಿದಳು. ಗಣಾಚಾರಿ, ಗೌಡ, ಗಂಟೆಪೂಜಾರಿ ಮೊದಲಾದವರು ಹುಟ್ಟಿದರು. ಭುಜಗಳಿಂದ ವೀರಕುಮಾರರು ಹುಟ್ಟಿದರು. ಅವರೆಲ್ಲ ಸೇರಿ ಅಸುರನನ್ನು ಕೊಂದರು. ತಾಯಿ ಹೊರಟು ನಿಂತಾಗ ಮಕ್ಕಳು ಅತ್ತರು, ನಮ್ಮನ್ನು ಬಿಟ್ಟು ಹೋಗಬೇಡ ಎಂದರು. ವರ್ಷಕ್ಕೊಮ್ಮೆ, ಹೊಸ ವರ್ಷದ ಮೊದಲ ಹುಣ್ಣಿಮೆಗೆ ಬಂದು ಮೂರು ದಿನ ನಿಮ್ಮೊಡನೆ ಇರುತ್ತೇನೆ ಎಂದು ಮಾತು ಕೊಟ್ಟು ಅವಳು ಹೋದಳು.

ಆ ಮೂರು ದಿನಗಳೇ ಹಸಿ ಕರಗದಿಂದ ಹುಣ್ಣಿಮೆಯವರೆಗಿನ ದಿನಗಳು. ಕಥೆಯಲ್ಲಿ ಬರುವ ಗಣಾಚಾರಿ, ಗೌಡ, ಗಂಟೆಪೂಜಾರಿ ಎಂಬ ಸ್ಥಾನಗಳು ಇಂದಿಗೂ ಈ ಗುಡಿಯ ಮನೆತನಗಳಲ್ಲಿ ನಡೆದು ಬಂದಿವೆ. ವೀರಕುಮಾರರು ದೀಕ್ಷೆ ಪಡೆದವರು. ತಂದೆಯ ಕತ್ತಿಯನ್ನು ಮಗ ಹಿಡಿಯುವುದನ್ನು ಇಲ್ಲಿ ನೋಡಬಹುದು.

ಕರಗ ಹೊರುವವರ ವ್ರತ ಇನ್ನೂ ಕಠಿಣವಾದದ್ದು. ತಿಂಗಳುಗಟ್ಟಲೆ ದೇಹವನ್ನು ಹದಗೊಳಿಸಿ, ಮನೆಯನ್ನು ಬಿಟ್ಟು ಗುಡಿಯಲ್ಲೇ ಇರಬೇಕು. ಉತ್ಸವದ ದಿನಗಳಲ್ಲಿ ಅವರ ಹೆಂಡತಿ ತನ್ನ ಮಾಂಗಲ್ಯವನ್ನು ತೆಗೆದು ಕೊಡುತ್ತಾಳೆ. ಅದನ್ನು ಅವರು ಧರಿಸುತ್ತಾರೆ. ಏಕೆಂದರೆ ಆ ದಿನಗಳಲ್ಲಿ ಅವರು ಯಾರ ಗಂಡನೂ ಅಲ್ಲ, ಅವರೇ ದ್ರೌಪದಿ.

ಪೇಟೆಯನ್ನು ಹಗಲಿನಲ್ಲಿ ನಡೆದು ನೋಡಿ

ಕರಗ ಸಾಗುವ ದಾರಿ ಹಳೆಯ ಬೆಂಗಳೂರು ಪೇಟೆಯ ನಕ್ಷೆಯೇ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ನಾವು ಓದುವ ಆ ಪೇಟೆ, ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಎಂಬ ಎರಡು ಬೀದಿಗಳು ಕೂಡುವ ಚೌಕದಿಂದ ಬೆಳೆಯಿತು. ದೊಡ್ಡಪೇಟೆಯನ್ನೇ ಈಗ ಅವೆನ್ಯೂ ರಸ್ತೆ ಎನ್ನುತ್ತಾರೆ. ಗುಡಿಯ ಹತ್ತಿರದ ಪೊಲೀಸ್ ಠಾಣೆಗೆ ‘ಹಲಸೂರು ಗೇಟ್’ ಎಂದು ಹೆಸರಿದೆಯಲ್ಲ, ಅಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಕೋಟೆಯ ಹೆಬ್ಬಾಗಿಲಿತ್ತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಲ್ಲಿದ್ದ ಪೇಟೆಗೆ ನುಗ್ಗಿದ್ದು ಆ ಬಾಗಿಲಿನಿಂದಲೇ. ಬಾಗಿಲು ಹೋಯಿತು, ಹೆಸರು ಉಳಿಯಿತು.

ಹಗಲಿನಲ್ಲಿ ಎರಡು ಗಂಟೆ ಇಟ್ಟುಕೊಂಡು ಈ ಬೀದಿಗಳನ್ನು ಸುತ್ತಿ: ತಿಗಳರಪೇಟೆ, ಕಬ್ಬನ್‌ಪೇಟೆ, ಗಾಣಿಗರಪೇಟೆ, ದೊಡ್ಡಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ಅಲ್ಲಿಂದ ಅರಳೆಪೇಟೆ ಅಂದರೆ ಈಗಿನ ಕಾಟನ್‌ಪೇಟೆ, ಬಳೇಪೇಟೆ, ಉಪ್ಪಾರಪೇಟೆ. ಗಾಣದ ಎಣ್ಣೆ, ಹತ್ತಿ, ಬಳೆ, ಉಪ್ಪು, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಕರಗ ಈ ಕಸುಬುಗಳ ಬೀದಿಗಳನ್ನೆಲ್ಲ ಹಾದು, ದಾರಿಯಲ್ಲಿನ ಗುಡಿಗಳ ಮುಂದೆ ನಿಂತು ಪೂಜೆ ಪಡೆಯುತ್ತದೆ. ಮಾರ್ಗದಲ್ಲಿ ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ಬದಲಾವಣೆ ಇದ್ದೀತು. ಹಗಲು ನಡೆದವರಿಗೆ ರಾತ್ರಿ ಎಲ್ಲಿ ಬೀದಿ ಅಗಲವಾಗಿದೆ, ಎಲ್ಲಿ ಜಗಲಿ ಇದೆ, ಎಲ್ಲಿಂದ ಬೇಗ ಹೊರಬೀಳಬಹುದು ಎಂಬುದು ಕಾಲಿಗೇ ಗೊತ್ತಿರುತ್ತದೆ.

ಹಸಿ ಕರಗದ ಸಂಜೆ

ನನ್ನನ್ನು ಕೇಳಿದರೆ ಇಡೀ ಉತ್ಸವದ ಜೀವ ಇಲ್ಲಿದೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಕರಗದ ಪೂಜಾರಿಯೂ ವೀರಕುಮಾರರೂ ಗುಡಿಯಿಂದ ಸಂಪಂಗಿ ಕೆರೆಯ ಅಂಗಳಕ್ಕೆ ಹೋಗುತ್ತಾರೆ. ಸಂಪಂಗಿ ಕೆರೆ ಎಲ್ಲಿದೆ ಎಂದು ಹೊಸಬರು ಕೇಳುತ್ತಾರೆ. ಕಂಠೀರವ ಕ್ರೀಡಾಂಗಣ ಇರುವ ಜಾಗವೇ ಆ ಕೆರೆ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು. ಕೆರೆ ಬರಬರುತ್ತ ಮೈದಾನವಾಯಿತು, ಮೈದಾನ ಕ್ರೀಡಾಂಗಣವಾಯಿತು. ಉಳಿದಿರುವುದು ಒಂದು ಪುಟ್ಟ ಕೊಳ. ಅಷ್ಟು ನೀರು ಉಳಿದದ್ದಕ್ಕೆ ಕರಗವೇ ಕಾರಣ ಎಂದು ನಾನು ನಂಬಿದ್ದೇನೆ. ಪೇಟೆಯ ಇನ್ನೊಂದು ಮಗ್ಗುಲಿನ ಧರ್ಮಾಂಬುಧಿ ಕೆರೆಗೆ ಆ ಭಾಗ್ಯವೂ ಸಿಗಲಿಲ್ಲ. ಅದರ ಮೇಲೆ ಈಗ ಕೆಂಪೇಗೌಡ ಬಸ್ ನಿಲ್ದಾಣ ನಿಂತಿದೆ. ಕಬ್ಬನ್ ಪಾರ್ಕಿನಲ್ಲಿರುವ ಕೊಳಕ್ಕೆ ‘ಕರಗದ ಕುಂಟೆ’ ಎಂದೇ ಹೆಸರು. ಬಿಡುವಿದ್ದರೆ ಅದನ್ನೂ ನೋಡಿ ಬನ್ನಿ.

‘ಹಸಿ’ ಎಂದರೆ ಸುಡದ, ಇನ್ನೂ ತೇವವಿರುವ ಮಣ್ಣು. ದೇವಿ ಈ ಕೆರೆಯಂಗಳದಲ್ಲಿ ಆ ಹಸಿಮಣ್ಣಿನ ರೂಪದಲ್ಲಿ ಮೊದಲು ಮೈದೋರುತ್ತಾಳೆ ಎಂಬ ನಂಬಿಕೆ ಇದೆ. ಪೂಜೆ ಮುಗಿದ ಮೇಲೆ ಕರಗವನ್ನು ಗುಡಿಗೆ ಕರೆತರುತ್ತಾರೆ. ಅದರೊಳಗೆ ಏನಿದೆ ಎಂಬುದು ಗುಟ್ಟು. ದಯವಿಟ್ಟು ಯಾರನ್ನೂ ಅದರ ಬಗ್ಗೆ ಕೆದಕಿ ಕೇಳಬೇಡಿ. ಪೂಜೆಯ ಸ್ಥಳಕ್ಕೆ ಹತ್ತಿರ ನುಗ್ಗದೆ, ವೀರಕುಮಾರರು ಬಿಟ್ಟಷ್ಟು ದೂರದಲ್ಲಿ ನಿಂತು ನೋಡಿ. ಹುಣ್ಣಿಮೆಯ ರಾತ್ರಿಗೆ ಹೋಲಿಸಿದರೆ ಅಂದು ಜನ ಕಡಿಮೆ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯುವುದಾದರೆ ಈ ಸಂಜೆಯೇ ಸರಿ.

ಅಲಗು ಸೇವೆಯನ್ನೂ ಈ ದಿನಗಳಲ್ಲಿ ಹತ್ತಿರದಿಂದ ಕಾಣಬಹುದು. ವೀರಕುಮಾರರು ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಲಗನ್ನು ಎದೆಗೆ ತಾಗಿಸುತ್ತ ತಾಯಿಯನ್ನು ಕೂಗುತ್ತಾರೆ. ಆ ಕೂಗು ಎದೆಯನ್ನು ನಡುಗಿಸುತ್ತದೆ.

ಹುಣ್ಣಿಮೆಯ ರಾತ್ರಿ

ಮಧ್ಯಾಹ್ನ ಒಂದಿಷ್ಟು ಮಲಗಿಕೊಳ್ಳಿ. ಸಂಜೆ ಹಗುರವಾಗಿ ಊಟ ಮಾಡಿ. ಹತ್ತಿಯ ಬಟ್ಟೆ ಸಾಕು. ಚೈತ್ರದ ಸೆಕೆಗೆ ಜನಸಂದಣಿಯ ಸೆಕೆ ಸೇರಿಕೊಳ್ಳುತ್ತದೆ. ಆಭರಣ ಬೇಡ. ಜಾರಿಹೋಗದ ಪಾದರಕ್ಷೆ ಇರಲಿ. ನೀರಿನ ಬಾಟಲಿ, ಸ್ವಲ್ಪ ಚಿಲ್ಲರೆ ಹಣ, ಪೂರ್ತಿ ಚಾರ್ಜ್ ಆದ ಮೊಬೈಲ್ ಇಟ್ಟುಕೊಳ್ಳಿ. ಮಕ್ಕಳು ಬರುವುದಾದರೆ ಅಪ್ಪ ಅಮ್ಮನ ಫೋನ್ ನಂಬರ್ ಬರೆದ ಚೀಟಿಯನ್ನು ಅವರ ಜೇಬಿನಲ್ಲಿಡಿ. ತೊಟ್ಟಿಲು ಗಾಡಿ ತರಲೇಬೇಡಿ. ಮಾವಿನ ಮಳೆ ಬೀಳುವ ಕಾಲವಾದ್ದರಿಂದ ಮೋಡ ಕಂಡರೆ ಮಳೆಯಂಗಿ ತನ್ನಿ. ಆ ಗುಂಪಿನಲ್ಲಿ ಕೊಡೆ ಬಿಚ್ಚಿದರೆ ಪಕ್ಕದವರ ಕಣ್ಣಿಗೆ ಅಪಾಯ.

ಹೂವನ್ನು ಬೆಳಗ್ಗೆಯೇ ಮಾರುಕಟ್ಟೆಯಲ್ಲಿ ಕೊಂಡಿಡಿ. ಕರಗದ ಮೇಲೆ ಎರಚಲು ಬಿಡಿ ಮಲ್ಲಿಗೆ ಬೇಕು, ಮೊಳದ ಲೆಕ್ಕದಲ್ಲಿ ಕೊಡುವ ಕಟ್ಟಿದ ಹೂವು ಬೇಡ. ಹಬ್ಬದ ಸಂಜೆ ಬೆಲೆ ಗಗನಕ್ಕೇರಿರುತ್ತದೆ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟರೆ ರಾತ್ರಿಯವರೆಗೆ ಬಾಡುವುದಿಲ್ಲ.

ಸ್ವಂತ ವಾಹನ ಬಿಟ್ಟು ಮೆಟ್ರೊದಲ್ಲಿ ಅಥವಾ ಬಸ್ಸಿನಲ್ಲಿ ಬನ್ನಿ. ಹಿಂದಿರುಗುವಾಗ ಬೆಳಗಿನ ಮೊದಲ ರೈಲೇ ಗತಿ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಎಲ್ಲಿ ನಿಲ್ಲಬೇಕು? ಗುಡಿಯ ಬಾಗಿಲಲ್ಲೇ ಕರಗವನ್ನು ಕಾಣಬೇಕೆಂದರೆ ರಾತ್ರಿ ಎಂಟರೊಳಗೆ ಅಲ್ಲಿರಬೇಕು, ಆಮೇಲೆ ಐದಾರು ಗಂಟೆ ಅಲುಗಾಡಲಾಗುವುದಿಲ್ಲ. ಉಸಿರಾಟದ ತೊಂದರೆ ಇರುವವರು, ಗರ್ಭಿಣಿಯರು ಈ ಸಾಹಸಕ್ಕೆ ಹೋಗಬಾರದು. ಮೊದಲ ಸಲ ಹೋಗುವವರಿಗೆ ದೊಡ್ಡಪೇಟೆಯ ನಡುಭಾಗ ವಾಸಿ. ಕರಗ ಅಲ್ಲಿಗೆ ಬರುವುದು ತಡವಾದರೂ ಬೀದಿ ನೇರವಾಗಿದೆ, ದೂರದಿಂದಲೇ ಕಾಣುತ್ತದೆ. ಪೇಟೆಯ ಮನೆಯೊಂದರ ಜಗಲಿ ಸಿಕ್ಕರಂತೂ ಭಾಗ್ಯ. ನನಗೆ ಮೊದಲ ವರ್ಷ ಹಾಗೊಂದು ಜಗಲಿ ಸಿಕ್ಕಿತ್ತು. ಆ ಮನೆಯ ಅಜ್ಜಿ ಬಾಗಿಲ ಮುಂದೆ ನೀರು ಹಾಕಿ, ರಂಗೋಲಿ ಬಿಟ್ಟು, ಆರತಿ ತಟ್ಟೆ ಸಿದ್ಧಮಾಡಿಕೊಂಡು ನಿದ್ದೆಗೆಟ್ಟು ಕೂತಿದ್ದರು. “ಕೂತ್ಕೋ ಮಗಳೇ, ಅಮ್ಮ ಬರೋ ಹೊತ್ತಿಗೆ ಎಬ್ಬಿಸ್ತೀನಿ” ಎಂದು ನನಗೆ ಚಾಪೆ ಹಾಸಿಕೊಟ್ಟರು. ಕೇಳಿಕೊಂಡು, ಚಪ್ಪಲಿ ಬಿಟ್ಟು, ಅವರ ಪೂಜೆಗೆ ಅಡ್ಡವಾಗದಂತೆ ಕುಳಿತುಕೊಳ್ಳಿ. ಪೇಟೆಯ ಜನ ಇಲ್ಲವೆನ್ನುವುದು ಕಡಿಮೆ.

ಹನ್ನೆರಡು ದಾಟಿದ ಮೇಲೆ, ಕೆಲವು ವರ್ಷ ಎರಡು ಮೂರು ಗಂಟೆಯ ಸುಮಾರಿಗೆ, ಗಂಟೆಯ ಸದ್ದು ಏರುತ್ತದೆ. “ಗೋವಿಂದಾ, ಗೋವಿಂದಾ” ಎಂಬ ಘೋಷ ಅಲೆಯಂತೆ ಬೀದಿಯುದ್ದಕ್ಕೂ ಬರುತ್ತದೆ. ಮೊದಲು ವೀರಕುಮಾರರ ಕತ್ತಿಗಳು ಕಾಣುತ್ತವೆ. ಅವರ ನಡುವೆ ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಹಣೆಯಲ್ಲಿ ಕುಂಕುಮ, ತಲೆಯ ಮೇಲೆ ಸೊಂಟದವರೆಗೆ ಇಳಿಬಿದ್ದ ಮಲ್ಲಿಗೆಯ ರಾಶಿ. ಕರಗಕ್ಕೆ ಕೈ ತಾಗಿಸುವಂತಿಲ್ಲ. ನಡೆಯುವಾಗಲೂ, ಕುಣಿಯುವಾಗಲೂ, ಓಡುವಾಗಲೂ ಅದು ತಲೆಯ ಮೇಲೆ ತಾನೇ ನಿಂತಿರುತ್ತದೆ.

ಆ ಗಳಿಗೆಯಲ್ಲಿ ಪಾಲಿಸಲೇಬೇಕಾದ ಮಾತುಗಳಿವೆ. ದಾರಿ ಬಿಡಿ ಎಂದು ವೀರಕುಮಾರರು ಕೂಗಿದ ಕೂಡಲೇ ಹಿಂದೆ ಸರಿಯಿರಿ, ಅವರ ಕೈಯಲ್ಲಿರುವುದು ನಿಜವಾದ ಕತ್ತಿ. ಮೊಬೈಲಿನ ಫ್ಲ್ಯಾಶ್ ಆರಿಸಿಡಿ. ಕೈ ಬಿಟ್ಟು, ತಲೆಯ ಮೇಲೆ ಭಾರ ಹೊತ್ತು, ಉಪವಾಸದಲ್ಲಿ ನಡೆಯುವವರ ಕಣ್ಣಿಗೆ ಬೆಳಕು ಚುಚ್ಚುವುದು ಕ್ರೌರ್ಯ. ಹೂವನ್ನು ಮುಖಕ್ಕೆ ಬೀಸದೆ ಮೇಲಿನಿಂದ ಸುರಿಯಿರಿ. ಸೀರೆಯನ್ನಾಗಲಿ ಹೂವನ್ನಾಗಲಿ ಮುಟ್ಟಲು ಕೈ ಚಾಚಬೇಡಿ. ಕರಗ ಬಿದ್ದರೆ ವೀರಕುಮಾರರು ಹೊತ್ತವರನ್ನೇ ಕಡಿದುಬಿಡುತ್ತಾರೆ ಎಂಬ ಮಾತನ್ನು ಹೊರಗಿನವರು ಬಹಳ ಉತ್ಸಾಹದಿಂದ ಹೇಳುತ್ತಾರೆ. ವ್ರತದ ಬಿಗಿಯನ್ನು ಹೇಳುವ ಮಾತೆಂದು ಅದನ್ನು ತಿಳಿದುಕೊಳ್ಳಬಹುದು. ಆದರೆ ಆ ರಾತ್ರಿ ನಿಮ್ಮ ಕಣ್ಣೆದುರಿಗೆ ಕಾಣುವುದು ತಾಯಿಗೆ ಮಕ್ಕಳು ಕೊಡುವ ಕಾವಲು. ಎಡಬಲಕ್ಕೆ ಓಡುತ್ತ, ಜನರನ್ನು ತಡೆಯುತ್ತ, ಬೆಳಗಿನವರೆಗೂ ಅವರು ಒಂದು ಗಳಿಗೆ ಕೂರುವುದಿಲ್ಲ.

ಅರಳೆಪೇಟೆಯ ದರ್ಗಾ

ಕರಗ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ಮಸ್ತಾನರು ಹೈದರಾಲಿಯ ಕಾಲದ ಸೂಫಿ ಸಂತರು. ಕರಗವೂ ಅವರೂ ಪರಸ್ಪರ ಗೌರವ ಸಲ್ಲಿಸಿಕೊಂಡ ಕಥೆ ಪೇಟೆಯಲ್ಲಿ ಹಲವು ಬಗೆಯಾಗಿ ಕೇಳಿಬರುತ್ತದೆ. ಅಂದಿನಿಂದ ಇಂದಿನವರೆಗೂ ದೇವಿ ಆ ಬಾಗಿಲಿಗೆ ಬರುತ್ತಾಳೆ, ದರ್ಗಾದವರು ಗೌರವದಿಂದ ಬರಮಾಡಿಕೊಳ್ಳುತ್ತಾರೆ. ಈ ನಡೆಯನ್ನು ಪ್ರಶ್ನಿಸುವ ದನಿಗಳು ಆಗಾಗ ಎದ್ದಿವೆ. ಗುಡಿಯವರು ತಮ್ಮ ಹಿರಿಯರ ಪದ್ಧತಿಯನ್ನು ಬಿಟ್ಟಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಸಾಧ್ಯವಿದ್ದರೆ ಕರಗ ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಅಲ್ಲಿ ಹೋಗಿ ನಿಲ್ಲಿ. ತಲೆಗೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಿಬನ್ನಿ. ಬೀದಿಯಲ್ಲಿ ಕಾಯುತ್ತಿರುವವರಲ್ಲಿ ಯಾರು ಯಾವ ಮತದವರೆಂದು ಆ ಹೊತ್ತಿನಲ್ಲಿ ಹೇಳುವುದು ಕಷ್ಟ, ಎಲ್ಲರ ಕೈಯಲ್ಲೂ ಮಲ್ಲಿಗೆಯಿರುತ್ತದೆ.

2020ರಲ್ಲಿ ಕೊರೊನಾ ಬಂದಾಗ ಈ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದವು. ಪೂಜೆ ಗುಡಿಯ ಆವರಣದೊಳಗೆ ಬೆರಳೆಣಿಕೆಯ ಜನರ ನಡುವೆ ನಡೆಯಿತು. ಆ ಹುಣ್ಣಿಮೆಯಂದು ಪೇಟೆಯ ಮನೆಗಳವರು ಬಾಗಿಲಲ್ಲಿ ದೀಪವಿಟ್ಟು ಗುಡಿಯ ದಿಕ್ಕಿಗೆ ಕೈಮುಗಿದರು ಎಂದು ನನ್ನ ಪರಿಚಯದ ಹೂವಿನವರು ಹೇಳಿದ್ದು ನೆನಪಿದೆ.

ಹಬ್ಬ ಇಳಿಯುವುದನ್ನೂ ನೋಡಿ

ಸೂರ್ಯ ಹುಟ್ಟಿದ ಮೇಲೆ ಕರಗ ಗುಡಿಗೆ ಹಿಂದಿರುಗುತ್ತದೆ. ರಾತ್ರಿಯಿಡೀ ನಿಲ್ಲಲಾಗದವರು ಬೆಳಗ್ಗೆ ಆರರ ಹೊತ್ತಿಗೆ ತಿಗಳರಪೇಟೆಗೆ ಬಂದರೆ ಸಾಕು. ಹಗಲ ಬೆಳಕಿನಲ್ಲಿ, ಕಡಿಮೆ ನೂಕುನುಗ್ಗಲಿನಲ್ಲಿ ದರ್ಶನವಾಗುತ್ತದೆ. ಈ ಉಪಾಯ ಬಹಳ ಜನರಿಗೆ ತಿಳಿದಿಲ್ಲ. ಮರುದಿನ ಪೋತರಾಜನ ಕಥೆ, ಗಾವು ಶಾಂತಿ ನಡೆಯುತ್ತವೆ. ಗಾವು ಎಲ್ಲರಿಗೂ ಒಗ್ಗುವ ನೋಟವಲ್ಲ, ಮಕ್ಕಳನ್ನು ಕರೆದೊಯ್ಯದಿರುವುದು ಮೇಲು. ವಸಂತೋತ್ಸವಕ್ಕೆ ಹೋಗುವವರು ಹಳೆಯ ಬಟ್ಟೆ ತೊಡಿ. ಅಂದು ಅರಿಶಿನದ ನೀರಿನ ಓಕುಳಿ, ಯಾರನ್ನೂ ಬಿಡುವುದಿಲ್ಲ.

ಈ ವರ್ಷ ಬೆಂಗಳೂರಿಗೆ ಬರಲಾಗದಿದ್ದರೆ ಹೊಸಕೋಟೆ, ಆನೇಕಲ್, ಮಾಲೂರು, ಕೋಲಾರಗಳಲ್ಲೂ ಕರಗವಿದೆ. ಅಲ್ಲಿನ ತಿಥಿಗಳು ಬೇರೆ, ಆಯಾ ಊರಿನವರನ್ನು ಕೇಳಿ ಹೋಗಿ. ಮಡಿಕೇರಿ ದಸರಾದ ಕರಗಗಳು ಶಕ್ತಿದೇವತೆಗಳವು, ಅವುಗಳ ಕಥೆಯೇ ಬೇರೆ.

ಧ್ವಜ ಇಳಿಯುವ ದಿನ ಗುಡಿಯ ಮುಂದೆ ನೂರಿನ್ನೂರು ಜನರೂ ಇರುವುದಿಲ್ಲ. ವೀರಕುಮಾರರು ಕತ್ತಿಗಳನ್ನು ಒರೆಸಿ ಮನೆಗೆ ಒಯ್ಯುತ್ತಾರೆ. ಕರಗ ಹೊತ್ತವರು ಸೀರೆ ಬಳೆ ಬಿಚ್ಚಿ ಮನೆಗೆ ಹೋಗುತ್ತಾರೆ. ಇಷ್ಟು ದಿನ ತಮ್ಮ ಮೈಮೇಲಿದ್ದ ಮಾಂಗಲ್ಯವನ್ನು ಹೆಂಡತಿಯ ಕೊರಳಿಗೆ ಮತ್ತೊಮ್ಮೆ ಕಟ್ಟುತ್ತಾರೆ.